ಗೊಂಬೆಗಳ ಮೇಳ

ಕಳೆದ ಸಂಚಿಕೆಯಲ್ಲಿ ಮಳೆನಕ್ಷತ್ರಗಳ ವಿಚಾರವನ್ನು ಬರೆದು ಮುಗಿಸುವಾಗ, ಈ ತಿಂಗಳು ಪಂಚಾಂಗದ ಉಳಿದ ಅಂಗಗಳನ್ನು ವಿವರಿಸುವೆನೆಂದು ವಾಚಕರಿಗೆ ಮಾತು ಕೊಟ್ಟಿದ್ದೆನು. ಆ ಮಾತನ್ನು ಮುಂದಿನ ತಿಂಗಳಿಗೆ ದೂಡಬೇಕಾಗಿ ಬಂದುದಕ್ಕೆ ಕ್ಷಮೆಯನ್ನು ಬೇಡುತ್ತೇನೆ. ಇದಕ್ಕೆ ಕಾರಣಳು ಏಳು ವರ್ಷದ ನನ್ನ ಮೊಮ್ಮಗಳು.

ಒಂದು ಸಂಜೆ ಜಗಲಿಯ ಮೇಲೆ ಅಡಿಕೆಯನ್ನು ಆರಿಸುತ್ತ ಕುಳಿತಿದ್ದೆನು. ಕೂಸು ತನ್ನ ತಾಯಿಯ ಮೊಬೈಲನ್ನು ಹಿಡಿದುಕೊಂಡು ಪಕ್ಕದಲ್ಲಿಯೇ ಕುಳಿತು ಗೊಂಬೆಗಳ ವಾದ್ಯಗೋಷ್ಠಿಯೊಂದನ್ನು ನೋಡುತ್ತಿದ್ದಿತು. ಅಂಗೈಯಗಲದ ಆ ತೆರೆಯ ಮೇಲೆ ಒಂದು ಗೊಂಬೆ ತಂತಿವಾದ್ಯವನ್ನು ಮೀಟುತ್ತಿತ್ತು. ಮತ್ತೊಂದು ಹಿತ್ತಾಳೆಯ ವಾದ್ಯವನ್ನು ಊದುತ್ತಿತ್ತು. ಕೆದರಿದ ಕೆಂಗೂದಲಿನ ಮೂರನೆಯದೊಂದು, ಮೈಮೇಲೆ ಬಂದವರಂತೆ ತಲೆಯನ್ನು ಕೊಡಹುತ್ತ, ನಾಲ್ಕಾರು ಚರ್ಮವಾದ್ಯಗಳನ್ನು ಏಕಕಾಲಕ್ಕೆ ಬಡಿಯುತ್ತಿತ್ತು.

“ಅಜ್ಜಾ, ಈ ಗೊಂಬೆ ಖರೇನೇ ಬಾರಿಸ್ತದಾ?” ಎಂದು ಕೂಸು ಕೇಳಿತು.

“ಇಲ್ಲ ತಂಗೀ, ಗೊಂಬೆ ಎಲ್ಲಿ ಬಾರಿಸ್ತದೆ? ಬಾರಿಸೋರು ಬೇರೆ ಇರ್ತಾರೆ” ಎಂದೆನು.

“ಹಾಂಗಾದ್ರೆ ಅದರ ಕೈ ತಾಳಕ್ಕೆ ಸರಿಯಾಗಿ ಬೀಳ್ತದಲ್ಲ, ಅದು ಹ್ಯಾಂಗೆ?”

ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಈ ಎರಡನೆಯ ಪ್ರಶ್ನೆಗೆ ಆಗ ಉತ್ತರ ತೋರಲಿಲ್ಲ. ನುಡಿಸುವವರು ಬೇರೆ, ನುಡಿಸಿದಂತೆ ಕಾಣುವುದು ಬೇರೆ. ಇವೆರಡೂ ಒಂದೇ ಎಂದು ನಮ್ಮ ಕಣ್ಣು ನಂಬುವುದು ಹೇಗೆ? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಅದು ನಮ್ಮ ಊರಿನಲ್ಲಿ ನಾನೇ ಮಾಡಿದ ಒಂದು ತಪ್ಪಿನವರೆಗೆ ಬಂದು ಮುಟ್ಟುತ್ತದೆ. ಆ ತಪ್ಪನ್ನು ಕೊನೆಗೆ ನಿವೇದಿಸುತ್ತೇನೆ. ಮೊದಲು ತೆರೆಯ ಮೇಲಿನ ಗೊಂಬೆಗಳ ವಿಚಾರವನ್ನು ನೋಡೋಣ.

ಕೂಸು ನೋಡುತ್ತಿದ್ದುದು ಅಮೇರಿಕದ ಜಿಮ್ ಹೆನ್ಸನ್ (1936–1990) ಎಂಬ ಕುಶಲನು ನಿರ್ಮಿಸಿದ ಮಪೆಟ್ ಎಂಬ ಗೊಂಬೆಗಳನ್ನು. 1976ರಿಂದ 1981ರವರೆಗೆ ‘ದಿ ಮಪೆಟ್ ಶೋ’ ಎಂಬ ಹೆಸರಿನಿಂದ ಇವುಗಳ ವಿನೋದಾವಳಿಯು ದೂರದರ್ಶನದಲ್ಲಿ 120 ಕಂತುಗಳಾಗಿ ಪ್ರಸಾರವಾಗಿ, ದೇಶದೇಶಗಳಲ್ಲಿ ಹೆಸರಾಯಿತು. ಅದರೊಳಗೆ ಡಾಕ್ಟರ್ ಟೀತ್ ಎಂಬ ಗೊಂಬೆಯ ಮುಖಂಡತ್ವದಲ್ಲಿ ಒಂದು ವಾದ್ಯಗೋಷ್ಠಿಯೇ ಇದ್ದಿತು. ಕೆಂಗೂದಲಿನ ನಗಾರಿಯವನ ಹೆಸರು ಆನಿಮಲ್, ಎಂದರೆ ಮೃಗ; ರೂಪಕ್ಕೆ ತಕ್ಕ ಹೆಸರೇ ಸರಿ.

ಈ ಗೊಂಬೆಗಳಿಗೆ ದಾರವಿಲ್ಲ. ಆಡಿಸುವವನು ತನ್ನ ಬಲಗೈಯನ್ನು ಗೊಂಬೆಯ ತಲೆಯೊಳಗೆ ತೂರಿಸಿ, ನಾಲ್ಕು ಬೆರಳುಗಳನ್ನು ಮೇಲ್ದವಡೆಗೂ ಹೆಬ್ಬೆರಳನ್ನು ಕೆಳದವಡೆಗೂ ಇಟ್ಟು ಬಾಯನ್ನು ಆಡಿಸುವನು. ವಾದ್ಯವನ್ನು ನುಡಿಸುವ ಗೊಂಬೆಗೆ ಎರಡು ಕೈಗಳೂ ಬೇಕಾಗುವುದರಿಂದ ಬಹಳ ಸಲ ಒಂದೇ ಗೊಂಬೆಯ ಹಿಂದೆ ಇಬ್ಬರು ಇರುವರು: ತಲೆಯೂ ಎಡಗೈಯೂ ಒಬ್ಬನವು, ಬಲಗೈ ಇನ್ನೊಬ್ಬನದು. ರಂಗಸಜ್ಜಿಕೆಯನ್ನೆಲ್ಲ ಆಳೆತ್ತರದಲ್ಲಿ ಕಟ್ಟಿ, ಅದರ ಕೆಳಗೆ ಇವರು ತೋಳುಗಳನ್ನು ತಲೆಯ ಮೇಲಕ್ಕೆ ಎತ್ತಿ ನಿಲ್ಲುವರು. ಗೊಂಬೆಯ ಮುಖವು ಇವರಿಗೆ ಕಾಣದು. ಆದುದರಿಂದ ಕಾಲಬುಡದಲ್ಲಿ ಒಂದು ಸಣ್ಣ ತೆರೆಯನ್ನಿಟ್ಟು, ಛಾಯಾಯಂತ್ರವು ಕಾಣುತ್ತಿರುವುದನ್ನೇ ತಾವೂ ನೋಡುತ್ತ ಆಡಿಸುವರು. ಆ ತೆರೆಯ ಚಿತ್ರವು ಕನ್ನಡಿಯ ಪ್ರತಿಬಿಂಬದಂತಿರುವುದಿಲ್ಲ. ತನ್ನ ಕೈ ಬಲಕ್ಕೆ ಹೋದರೆ ಚಿತ್ರದಲ್ಲಿ ಎಡಕ್ಕೆ ಹೋಗುವುದು. ಈ ವಿಪರ್ಯಾಸವನ್ನು ಮೈಗೂಡಿಸಿಕೊಳ್ಳುವುದೇ ಅವರ ಮೊದಲನೆಯ ಪಾಠ.

ಎರಡನೆಯ ಪಾಠ ಹಾಡಿನದು. ಬಾಯನ್ನು ತೆರೆಯುವಾಗ ಮೇಲಿನ ಬೆರಳುಗಳನ್ನು ಎತ್ತಿದರೆ ಗೊಂಬೆಯು ಆಕಾಶವನ್ನು ನೋಡುತ್ತ ಆಕಳಿಸಿದಂತೆ ಕಾಣುವುದು. ಹೆಬ್ಬೆರಳನ್ನು ಕೆಳಕ್ಕೆ ಇಳಿಸಬೇಕು. ಅದೂ ಅಕ್ಷರಕ್ಕೊಮ್ಮೆ, ಸ್ವರವು ಬಂದ ಸ್ಥಾನದಲ್ಲಿ. ವರ್ಣಮಾಲೆಯನ್ನು ಕಲಿಸಿದವರಿಗೆ ಇದರ ಮರ್ಮವು ತಿಳಿಯುವುದು: ವ್ಯಂಜನವು ಬಾಯನ್ನು ಮುಚ್ಚುವುದು ಇಲ್ಲವೆ ತಡೆಯುವುದು, ಸ್ವರವು ತೆರೆಯುವುದು. ಗೊಂಬೆಗೆ ತುಟಿಯನ್ನು ಕೂಡಿಸಿ ಪಕಾರ ಮಕಾರಗಳನ್ನು ನುಡಿಯುವ ಶಕ್ತಿ ಎಲ್ಲಿಂದ ಬರಬೇಕು? ಆದರೂ ಸ್ವರದ ಎಡೆಯಲ್ಲಿ ಬಾಯಿ ತೆರೆದುದಾದರೆ, ಉಳಿದ ಅಕ್ಷರಗಳನ್ನೆಲ್ಲ ಕೇಳುವವರ ಮನಸ್ಸೇ ತುಂಬಿಕೊಳ್ಳುವುದು.

ಇನ್ನು ವಾದ್ಯದ ಸದ್ದು. ಅದನ್ನು ನಿಜವಾದ ವಾದಕರಿಂದ ಮೊದಲೇ ಧ್ವನಿಮುದ್ರಿಸಿಕೊಂಡಿರುವರು. ಚಿತ್ರೀಕರಿಸುವಾಗ ಆ ಮುದ್ರಿಕೆಯನ್ನು ಗಟ್ಟಿಯಾಗಿ ಹಾಕಿ, ಅದರ ಲಯಕ್ಕೆ ಗೊಂಬೆಯ ಕೈಯನ್ನು ಬೀಳಿಸುವರು. ಆನಿಮಲ್ ಗೊಂಬೆಯನ್ನು ಆಡಿಸುತ್ತಿದ್ದವನು ಫ್ರಾಂಕ್ ಓಜ್. ಅದರ ನಗಾರಿಯ ಸದ್ದು ಇಂಗ್ಲೆಂಡಿನ ರಾನಿ ವೆರೆಲ್ ಎಂಬ ನುರಿತ ವಾದಕನದು. ಬಡ್ಡಿ ರಿಚ್ ಎಂಬ ಲೋಕಪ್ರಸಿದ್ಧ ವಾದಕನು ಒಂದು ಕಂತಿನಲ್ಲಿ ಈ ಗೊಂಬೆಯೊಡನೆ ಜಿದ್ದಿಗೆ ಬಿದ್ದು ಬಾರಿಸಿರುವನು. ನೋಡುವವರಿಗೆ ಅದು ಮನುಷ್ಯನಿಗೂ ಮೃಗಕ್ಕೂ ನಡೆದ ಪಂದ್ಯ. ಕಿವಿಗೆ ಅದು ಇಬ್ಬರು ವಿದ್ವಾಂಸರ ಸವಾಲು–ಜವಾಬು.

ಇದೇನು ಹೊಸ ಮಾಯೆಯೆಂದು ವಾಚಕರು ಬೆರಗಾಗಬೇಕಾಗಿಲ್ಲ. ನಮ್ಮ ಚಲಚ್ಚಿತ್ರಗಳಲ್ಲಿ ವರ್ಷಾನುವರ್ಷ ರಾಜಕುಮಾರರ ತುಟಿಗಳಿಗೆ ಪಿ. ಬಿ. ಶ್ರೀನಿವಾಸರ ಕಂಠವು ಕೂಡಿಬಂದುದನ್ನು ನಾವೆಲ್ಲ ಕಂಡು ಕೇಳಿ ಸಂತೋಷಪಟ್ಟವರೇ. ಅಲ್ಲಿಯೂ ಹಾಡು ಮೊದಲು, ಅಭಿನಯ ಆಮೇಲೆ. ಇನ್ನೂ ಹಿಂದಕ್ಕೆ ಹೋದರೆ ಸಂಸ್ಕೃತ ಕವಿಗಳು ಈ ಯುಕ್ತಿಯನ್ನು ಸಾವಿರ ವರ್ಷಗಳ ಕೆಳಗೆಯೇ ಕಲ್ಪಿಸಿದ್ದರು. ರಾಜಶೇಖರನ ‘ಬಾಲರಾಮಾಯಣ’ ನಾಟಕದ ಐದನೆಯ ಅಂಕದಲ್ಲಿ, ಸೀತೆಗಾಗಿ ಹಂಬಲಿಸುವ ರಾವಣನ ಮುಂದೆ ಸೀತೆಯನ್ನೇ ಹೋಲುವ ಯಂತ್ರದ ಗೊಂಬೆಯನ್ನು ತಂದು ನಿಲ್ಲಿಸುವರು. ಅದು ಮಾತನಾಡುವುದು! ಹೇಗೆಂದರೆ, ಪಳಗಿಸಿದ ಒಂದು ಸಾರಿಕೆಯನ್ನು, ಎಂದರೆ ಮಾತು ಕಲಿತ ಹಕ್ಕಿಯನ್ನು, ಗೊಂಬೆಯ ಬಾಯೊಳಗೆ ಅಡಗಿಸಿರುವರು. ದಶಕಂಠನಂಥ ದಶಕಂಠನೂ ಕ್ಷಣಕಾಲ ಮೋಸಹೋದನು. ಹನ್ನೊಂದನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿಯೂ ಮಯನ ಮಗಳಾದ ಸೋಮಪ್ರಭೆಯು ಬುಟ್ಟಿಯ ತುಂಬ ಮರದ ಗೊಂಬೆಗಳನ್ನು ತಂದು ಗೆಳತಿಯಾದ ಕಲಿಂಗಸೇನೆಗೆ ತೋರಿಸುವಳು. ಕೀಲನ್ನು ಮುಟ್ಟಿದೊಡನೆ ಒಂದು ಹಾರಿಹೋಗಿ ಹೂಮಾಲೆಯನ್ನು ತರುವುದು, ಒಂದು ನೀರನ್ನು ತರುವುದು, ಒಂದು ಕುಣಿಯುವುದು, ಒಂದು ಮಾತನಾಡುವುದು. ನಾಟಕದ ಮುಖ್ಯಸ್ಥನಿಗೆ ‘ಸೂತ್ರಧಾರ’ನೆಂಬ ಹೆಸರು ಬಂದುದೇ ಗೊಂಬೆಯ ದಾರವನ್ನು ಹಿಡಿದವನೆಂಬ ಅರ್ಥದಿಂದ ಎಂದು ಜರ್ಮನಿಯ ಪಿಶೆಲ್ ಪಂಡಿತನು 1900ರಲ್ಲಿ ವಾದಿಸಿದನು. ಅಲ್ಲ, ಅದು ರಂಗವನ್ನು ಅಳೆಯುವ ಶಿಲ್ಪಿಯ ನೂಲು ಎಂದು ಹೇಳುವವರೂ ಉಂಟು. ಆ ವಿವಾದವು ಇಲ್ಲಿ ಬೇಡ.

ಈಗ ಕೂಸಿನ ಎರಡನೆಯ ಪ್ರಶ್ನೆ: ಕಣ್ಣು ನಂಬುವುದು ಹೇಗೆ? ಹೊಳೆಯ ಆಚೆಯ ದಡದಲ್ಲಿ ಬಟ್ಟೆಯನ್ನು ಒಗೆಯುವವರನ್ನು ನೋಡಿರಿ. ಬಟ್ಟೆಯು ಕಲ್ಲಿಗೆ ಬಿದ್ದುದು ಮೊದಲು ಕಾಣುವುದು. ಸದ್ದು ಸ್ವಲ್ಪ ತಡೆದು ಕೇಳುವುದು. ಬೆಳಕು ನೋಟಕ್ಕೆ ತತ್ಕ್ಷಣ ಮುಟ್ಟಿದರೆ, ಶಬ್ದವು ಒಂದು ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರ ಚಲಿಸುವುದು. 34 ಮೀಟರು ದೂರದಲ್ಲಿ ಕುಳಿತವನಿಗೆ ಚೆಂಡೆಯ ಪೆಟ್ಟು ಸೆಕೆಂಡಿನ ಹತ್ತರಲ್ಲಿ ಒಂದು ಪಾಲು ತಡವಾಗಿ ಬರುವುದು. ಲೋಕದಲ್ಲಿ ಸದ್ದು ನೋಟಕ್ಕಿಂತ ಹಿಂದೆ ಬೀಳುವುದೇ ಹೊರತು ಎಂದಿಗೂ ಮುಂದೆ ಬರುವುದಿಲ್ಲ. ಹುಟ್ಟಿದಂದಿನಿಂದ ಇದಕ್ಕೆ ಒಗ್ಗಿದ ನಮ್ಮ ಮನಸ್ಸು, ಸದ್ದು ಕೊಂಚ ಹಿಂದಾದರೆ ಸೈರಿಸಿಕೊಳ್ಳುವುದು. ಕೈ ಬೀಳುವ ಮೊದಲೇ ಸದ್ದು ಬಂದುದಾದರೆ ಮಾತ್ರ ಒಡನೆಯೇ ‘ಇದು ಸುಳ್ಳು’ ಎಂದು ನಿರ್ಣಯಿಸಿಬಿಡುವುದು. ಗೊಂಬೆಯನ್ನು ಆಡಿಸುವವನ ವಿದ್ಯೆಯೆಲ್ಲ ಈ ಕೂದಲೆಳೆಯಷ್ಟು ಎಡೆಯಲ್ಲಿದೆ. ಪೆಟ್ಟನ್ನು ಕೇಳಿ ಕೈಯನ್ನು ಬೀಳಿಸಿದರೆ ತಡವಾಯಿತು. ಪೆಟ್ಟು ಬರುವುದೆಂದು ಮೊದಲೇ ತಿಳಿದು ಕೈಯನ್ನು ಎತ್ತಿರಬೇಕು. ಎಂದರೆ ಹಾಡು ಅವನಿಗೆ ಬಾಯಿಪಾಠವಾಗಿರಬೇಕು. ತೆರೆಯ ಮೇಲೆ ಇದು ತಪ್ಪಿದರೆ ಚಿತ್ರವನ್ನು ಮತ್ತೊಮ್ಮೆ ತೆಗೆಯಬಹುದು. ಹತ್ತು ಸಲ ಕೆಟ್ಟುದನ್ನು ಬಿಸಾಡಿ ಹನ್ನೊಂದನೆಯದನ್ನು ತೋರಿಸಬಹುದು. ರಂಗಸ್ಥಳದ ಮೇಲೆ ಆ ಅನುಕೂಲವಿಲ್ಲ. ಅಲ್ಲಿ ಏನುಪಾಯ?

ಇದಕ್ಕೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಘಟ್ಟವನ್ನು ಇಳಿದು ಕರಾವಳಿಯಲ್ಲಿ ತೆಂಕಣಕ್ಕೆ ಹೋದರೆ ಕುಂದಾಪುರದ ಹತ್ತಿರ ಉಪ್ಪಿನಕುದ್ರು ಎಂಬ ಊರು ಸಿಕ್ಕುವುದು. ನೀರು ಸುತ್ತುವರಿದ ಈ ಕುದ್ರುವಿನಲ್ಲಿ ಕಾಮತರ ಮನೆತನದವರು ತಲೆಮಾರುಗಳಿಂದ ಯಕ್ಷಗಾನದ ಗೊಂಬೆಗಳನ್ನು ಕುಣಿಸುತ್ತ ಬಂದಿರುವರು. ಕೊಗ್ಗ ದೇವಣ್ಣ ಕಾಮತರು ಈ ಕಲೆಯನ್ನು ದೇಶಾಂತರಗಳಿಗೆ ಕೊಂಡೊಯ್ದು, ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಗೆ ಪಾತ್ರರಾದರು. ಅವರ ಮಗ ಭಾಸ್ಕರ ಕೊಗ್ಗ ಕಾಮತರು ಶ್ರೀ ಗಣೇಶ ಯಕ್ಷಗಾನ ಗೊಂಬೆಯಾಟ ಮಂಡಳಿಯನ್ನು ಮುಂದುವರಿಸಿರುವರು. ತೆಂಕುತಿಟ್ಟಿನ ಗೊಂಬೆಯಾಟವನ್ನು ನೋಡಬೇಕೆಂಬವರಿಗೆ ಕಾಸರಗೋಡಿನಲ್ಲಿ ಕೆ. ವಿ. ರಮೇಶರ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘವಿದೆ.

ಉಪ್ಪಿನಕುದ್ರುವಿನ ಗೊಂಬೆಯು ಸುಮಾರು 18 ಅಂಗುಲ ಎತ್ತರದ್ದು. ಹಗುರವಾದ ಮರದ ಮೈ. ತಲೆಗೆ ಬಡಗುತಿಟ್ಟಿನ ಮುಂಡಾಸು ಅಥವಾ ಕಿರೀಟ. ಎದೆಕಟ್ಟು, ಭುಜಕೀರ್ತಿ, ಸೊಂಟದ ಪಟ್ಟಿ, ಯಾವುದಕ್ಕೂ ಕೊರತೆಯಿಲ್ಲ. ಭುಜ, ಮೊಣಕೈ, ಸೊಂಟ, ಮೊಣಕಾಲುಗಳಲ್ಲಿ ಕೀಲುಗಳಿರುವುವು. ಇಂಥ ಗೊಂಬೆಗೆ ಐದರಿಂದ ಏಳರವರೆಗೆ ದಾರಗಳನ್ನು ಕಟ್ಟಿ ಮೇಲೆ ಒಂದು ಮರದ ಹಿಡಿಕೆಗೆ ಸೇರಿಸುವರು. ಕುಣಿಸುವವನು ಹಿಂದಿನ ಪರದೆಯ ಮರೆಯಲ್ಲಿ ನಿಂತು, ಒಂದು ಕೈಯಿಂದ ಹಿಡಿಕೆಯನ್ನು ಓಲಾಡಿಸುತ್ತ, ಇನ್ನೊಂದು ಕೈಯ ಬೆರಳುಗಳಿಂದ ಬೇಕಾದ ದಾರವನ್ನು ಮೀಟುವನು. ನೋಡಿದರೆ ಅದೂ ಒಂದು ತಂತಿವಾದ್ಯವೇ. ವೀಣೆಯ ತಂತಿಯಿಂದ ನಾದ ಹೊರಡುವುದು, ಈ ತಂತಿಯಿಂದ ಹೆಜ್ಜೆ ಹೊರಡುವುದು, ಇಷ್ಟೇ ಭೇದ.

ಬೆಂಗಳೂರು, ರಾಮನಗರ, ಮಂಡ್ಯದ ಕಡೆಯ ಸೂತ್ರದ ಬೊಂಬೆಗಳ ರೀತಿ ಬೇರೆ. ಅವು ದೊಡ್ಡವು, ಭಾರವಾದವು. ಬೊಂಬೆಯ ದಾರವನ್ನು ಆಡಿಸುವವನು ತನ್ನ ತಲೆಯ ಮೇಲಿನ ಸಿಂಬಿಗೆ ಕಟ್ಟಿಕೊಂಡು, ಬೊಂಬೆಯ ಕೈಗಳನ್ನು ಕಡ್ಡಿಗಳಿಂದ ನಡೆಸುವನು. ತನ್ನ ಕಾಲಿಗೆ ಗೆಜ್ಜೆಯನ್ನು ಕಟ್ಟಿ ತಾನೇ ಕುಣಿಯುವನು. ಗೆಜ್ಜೆಯ ಸದ್ದು ಬೊಂಬೆಯ ಕಾಲಿನಿಂದ ಬಂದಂತೆ ತೋರುವುದು. ಬೊಂಬೆಯ ತಲೆ ತೂಗುವುದು ಅವನ ತಲೆ ತೂಗಿದುದರಿಂದ. ಇಲ್ಲಿ ನೋಟವೂ ಸದ್ದೂ ಒಂದೇ ದೇಹದಿಂದ ಹುಟ್ಟುವುದರಿಂದ ತಾಳ ತಪ್ಪುವ ಪ್ರಸಂಗವು ಬಲು ವಿರಳ.

ಆದರೆ ಗೊಂಬೆಯಾಟದ ಜೀವವಿರುವುದು ಹಿಮ್ಮೇಳದಲ್ಲಿ. ತಾಳವನ್ನು ಹಿಡಿದ ಭಾಗವತ, ಮದ್ದಲೆಯವ, ಚೆಂಡೆಯವ, ಶ್ರುತಿಗೊಬ್ಬ. ಯಕ್ಷಗಾನದಲ್ಲಿ ಭಾಗವತನೇ ಮೊದಲನೆಯ ವೇಷವೆಂದು ಹಿರಿಯರು ಹೇಳುವುದುಂಟು. ಗೊಂಬೆಯಾಟದಲ್ಲಿ ಈ ಮಾತು ಇಮ್ಮಡಿ ನಿಜ. ಏಕತಾಳದ ಪದ್ಯವೆಂದರೆ ಗೊಂಬೆಯ ಹೆಜ್ಜೆ ಒಂದು ಬಗೆ, ಝಂಪೆಯೆಂದರೆ ಇನ್ನೊಂದು ಬಗೆ. ಯುದ್ಧಕ್ಕೆ ಚೆಂಡೆ ಏರಿದಂತೆ ಬೆರಳು ಚುರುಕಾಗುವುದು. ಬಿಡ್ತಿಗೆ ಬಿದ್ದೊಡನೆ ಗೊಂಬೆ ನಿಂತು ಮಾತಿಗೆ ತೊಡಗುವುದು. ಇಷ್ಟಾದರೆ ಗೊಂಬೆಯು ಹಾಡನ್ನು ಅನುಸರಿಸಿತು ಎಂದಾಯಿತು. ಆದರೆ ಹಾಡೂ ಗೊಂಬೆಯನ್ನು ಅನುಸರಿಸುವುದೆಂಬ ಸೂಕ್ಷ್ಮವು ನನಗೆ ತಿಳಿದುದು ನಷ್ಟವನ್ನು ಅನುಭವಿಸಿದ ಮೇಲೆ.

ಇನ್ನು ನನ್ನ ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ನಮ್ಮ ಭೈರುಂಬೆಯಲ್ಲಿ ಮಕ್ಕಳಿಗಾಗಿ ಒಂದು ಗೊಂಬೆಯಾಟವನ್ನು ಮಾಡಿಸಬೇಕೆಂದು ಊರವರು ಕೂಡಿ ನಿಶ್ಚಯಿಸಿದೆವು. ಯಜಮಾನನು ಎರಡು ಬಗೆಯ ದರವನ್ನು ತಿಳಿಸಿದನು: ಹಿಮ್ಮೇಳ ಸಹಿತವಾದರೆ ಇಷ್ಟು, ಮುದ್ರಿತ ಧ್ವನಿಯಾದರೆ ನಾಲ್ಕು ಸಾವಿರ ರೂಪಾಯಿ ಕಡಿಮೆ. ಉಳಿದವರು ಹಿಂದುಮುಂದು ನೋಡುತ್ತಿರಲು, ಲೆಕ್ಕವನ್ನು ಬಲ್ಲವನೆಂಬ ಹಮ್ಮಿನಿಂದ ನಾನೇ ಎದ್ದು ನಿಂತು, “ಮಕ್ಕಳು ನೋಡುವುದು ಗೊಂಬೆಯನ್ನು. ಹಾಡು ಯಂತ್ರದಿಂದ ಬಂದರೇನು, ಮನುಷ್ಯನಿಂದ ಬಂದರೇನು? ಉಳಿದ ಹಣದಲ್ಲಿ ಎಲ್ಲ ಮಕ್ಕಳಿಗೂ ಪುಸ್ತಕ ಕೊಡಬಹುದು” ಎಂದು ಭಾಷಣ ಮಾಡಿದೆನು. ಮಾಸ್ತರರ ಮಾತು ನಡೆಯಿತು.

ಪ್ರಸಂಗ ಲಂಕಾದಹನ. ಆರಂಭವು ಸೊಗಸಾಗಿಯೇ ಇದ್ದಿತು. ಧ್ವನಿವರ್ಧಕದಿಂದ ಹೆಸರಾಂತ ಕಂಠವು ಹೊಮ್ಮಿತು. ಹನುಮಂತನು ಕಡಲನ್ನು ಹಾರಿದನು. ಮಕ್ಕಳು ಚಪ್ಪಾಳೆ ತಟ್ಟಿದರು. ಲಂಕಿಣಿಯೊಡನೆ ಕಾಳಗ ನಡೆಯುವಾಗ ಎರಡು ಗೊಂಬೆಗಳ ದಾರಗಳು ಒಂದಕ್ಕೊಂದು ತೊಡರಿಕೊಂಡುವು. ಕುಣಿಸುವವರು ಬಿಡಿಸಲು ಹೆಣಗಿದರು. ಅದಕ್ಕೆ ಬೇಕಾದುದು ಹೆಚ್ಚೆಂದರೆ ಅರ್ಧ ನಿಮಿಷ. ಆದರೆ ಮುದ್ರಿಕೆಗೆ ಕಣ್ಣಿಲ್ಲವಷ್ಟೆ? ಅದು ತನ್ನ ಪಾಡಿಗೆ ಮುಂದೆ ಹೋಯಿತು. ಲಂಕಿಣಿಯು ಪೆಟ್ಟು ತಿಂದು ಬಿದ್ದಳೆಂದು ಹಾಡು ಹೇಳುತ್ತಿರುವಾಗ ಅವಳು ಹನುಮಂತನ ಹೆಗಲ ಮೇಲೆ ಕುಳಿತಂತಿದ್ದಳು. ಅವಳು ಕೈಮುಗಿದು ಬೇಡುವ ಮಾತು ಕೇಳುತ್ತಿರುವಾಗ ಹನುಮಂತನು ತಲೆಕೆಳಗಾಗಿ ತೂಗುತ್ತಿದ್ದನು. ಕೊನೆಗೆ ದಾರ ಬಿಟ್ಟಿತು; ಅಷ್ಟರಲ್ಲಿ ಹಾಡಿನ ಹನುಮಂತನು ಅಶೋಕವನವನ್ನು ಸೇರಿಯಾಗಿತ್ತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಆ ಮೇಲೆ ಸೀತಾದೇವಿಯು ಶೋಕಿಸುವಾಗಲೂ ಅವರ ನಗು ನಿಲ್ಲಲಿಲ್ಲ. ನಂಬಿಕೆಯು ಒಮ್ಮೆ ಹರಿದುಹೋದ ಬಳಿಕ ಅದನ್ನು ಗಂಟುಹಾಕುವ ಬಗೆ ಯಾರಿಗೂ ತಿಳಿಯದು.

ಆಟ ಮುಗಿದ ಮೇಲೆ ಎಲೆಯ ಮುಂದೆ ಕುಳಿತಾಗ ಆ ಯಜಮಾನನು ಅನ್ನವನ್ನು ಕಲಸುತ್ತ ತಲೆ ತಗ್ಗಿಸಿ ಹೇಳಿದನು: “ಮಾಸ್ತರ್ರೇ, ದಾರ ತೊಡಕೋದು ಹೊಸತಲ್ಲ. ವಾರಕ್ಕೊಂದು ಸಲ ತೊಡಕ್ತದೆ. ಭಾಗವತ್ರು ಇದ್ದಿದ್ರೆ ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ.” ಅವನು ಯಾರನ್ನೂ ದೂರಲಿಲ್ಲ. ಆದರೆ ದರವನ್ನು ಇಳಿಸಿದವರು ಯಾರೆಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಂದು ನನಗೆ ಊಟ ಸೇರಲಿಲ್ಲ.

ಮರುವರ್ಷ ನಾನೇ ಮನೆಮನೆಗೆ ಹೋಗಿ ಹಣವನ್ನು ಕೂಡಿಸಿದೆನು. ಅದೇ ಮೇಳ, ಅದೇ ಪ್ರಸಂಗ; ಈ ಸಲ ಹಿಮ್ಮೇಳವಿತ್ತು. ನಾನು ರಂಗದ ಪಕ್ಕದಲ್ಲಿ, ಭಾಗವತರ ಮುಖ ಕಾಣುವಂತೆ ಕುಳಿತಿದ್ದೆನು. ಅವರ ದೃಷ್ಟಿ ಪುಸ್ತಕದ ಮೇಲೆ ಇರಲಿಲ್ಲ, ಸಭಿಕರ ಮೇಲೂ ಇರಲಿಲ್ಲ. ಎವೆಯಿಕ್ಕದೆ ಗೊಂಬೆಯ ಕಾಲುಗಳ ಮೇಲೆ ನೆಟ್ಟಿತ್ತು. ಅಶೋಕವನದಲ್ಲಿ ಹನುಮಂತನ ಬಾಲವು ಮರದ ಕೊಂಬೆಗೆ ಸಿಕ್ಕಿಕೊಂಡಿತು. ಭಾಗವತರು ಅದನ್ನು ಕಂಡರು. ಮುಗಿಯಬೇಕಾಗಿದ್ದ ಪದ್ಯದ ಕೊನೆಯ ಸಾಲನ್ನು ಮತ್ತೆ ಎತ್ತಿಕೊಂಡರು. ರಾಗವನ್ನು ಸ್ವಲ್ಪ ಎಳೆದರು. ಮದ್ದಲೆಯವನ ಕಡೆಗೆ ಕಣ್ಣು ಹೊರಳಿಸಿದರು. ಅವನು ಒಂದು ಸುತ್ತು ನುಡಿಕಾರವನ್ನು ತುಂಬಿದನು. ಚೆಂಡೆಯವನು ಮೆಲ್ಲಗೆ ಕೂಡಿಕೊಂಡನು. ಬಾಲ ಬಿಟ್ಟುಬಂದಿತು, ಭಾಗವತರು ತಲೆಯಾಡಿಸಿದರು, ಬಿಡ್ತಿಗೆ ಬಿದ್ದಿತು. ಹನುಮಂತನು ರಾಮನಾಮವನ್ನು ನೆನೆಯುತ್ತ ಮರದ ಮೇಲೆ ಸ್ವಲ್ಪ ಹೊತ್ತು ಕುಳಿತನೆಂದು ಮಕ್ಕಳು ತಿಳಿದರು. ಅನೇಕರು ಅದೇ ಆಟದ ಚೆಲುವಾದ ಭಾಗವೆಂದು ಆಮೇಲೆ ಹೇಳಿದರು!

ತೆರೆಯ ಗೊಂಬೆಗೂ ರಂಗದ ಗೊಂಬೆಗೂ ಇರುವ ಅಂತರವು ನನಗೆ ಅಂದು ಸ್ಪಷ್ಟವಾಯಿತು. ತೆರೆಯ ಮೇಲೆ ಹಾಡು ಆಳುವುದು, ಗೊಂಬೆ ಅನುಸರಿಸುವುದು. ಅಲ್ಲಿ ಕಾಲವು ಮೊದಲೇ ನಿಶ್ಚಿತವಾದುದು. ರಂಗದ ಮೇಲೆ ಒಂದನ್ನೊಂದು ಕಾಯುವುವು. ಮುದ್ರಿತ ಹಾಡಿಗೆ ಎಲ್ಲ ಗುಣಗಳೂ ಉಂಟು. ಕಾಯುವ ಗುಣವೊಂದು ಇಲ್ಲ. ಗೊಂಬೆಗೆ ಮೇಲಿನಿಂದ ಕಾಣುವ ದಾರಗಳು ಐದೇಳಾದರೆ, ಹಿಮ್ಮೇಳದ ಕಡೆಯಿಂದ ಕಾಣದ ದಾರವೊಂದು ಇದ್ದೇ ಇರುವುದು. ನಾಲ್ಕು ಸಾವಿರ ರೂಪಾಯಿಗೆ ನಾನು ಕತ್ತರಿಸಿದ್ದು ಆ ದಾರವನ್ನು.

ಈ ಸಂಬಂಧದಲ್ಲಿ ಜಪಾನ್ ದೇಶದ ಒಂದು ಗೊಂಬೆಯಾಟವನ್ನು ಹೇಳದಿದ್ದರೆ ವಿಷಯವು ಪೂರ್ಣವಾಗದು. ಅವರ ‘ಬುನ್ರಕು’ ಎಂಬ ಆಟದಲ್ಲಿ ಒಂದು ಗೊಂಬೆಗೆ ಮೂವರು: ತಲೆಗೂ ಬಲಗೈಗೂ ಮುಖ್ಯನು, ಎಡಗೈಗೆ ಎರಡನೆಯವನು, ಕಾಲಿಗೆ ಮೂರನೆಯವನು. ರಂಗದ ಪಕ್ಕದಲ್ಲಿ ಕಥೆಯನ್ನು ಹಾಡುವವನೂ, ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯವನ್ನು ನುಡಿಸುವವನೂ ನಮ್ಮ ಹಿಮ್ಮೇಳದವರಂತೆ ಎಲ್ಲರಿಗೂ ಕಾಣುವ ಹಾಗೆ ಕುಳಿತಿರುವರು. 1732ರಲ್ಲಿ ಮೊದಲು ಆಡಿದ ಒಂದು ನಾಟಕದಲ್ಲಿ ಅಕೋಯಾ ಎಂಬ ವಾರಾಂಗನೆಯ ಕಥೆ ಬರುವುದು. ತಲೆಮರೆಸಿಕೊಂಡ ಅವಳ ಪ್ರಿಯಕರನೆಲ್ಲಿರುವನೆಂದು ನ್ಯಾಯಾಧಿಪತಿಯು ಕೇಳುವನು. ಅರಿಯೆನೆಂದು ಅವಳು ಹೇಳುವಳು. ಅವನು ಅವಳನ್ನು ಹೊಡೆಯಿಸುವುದಿಲ್ಲ. ಕೋತೋ, ಶಾಮಿಸೆನ್, ಕೋಕ್ಯೂ ಎಂಬ ಮೂರು ತಂತಿವಾದ್ಯಗಳನ್ನು ತರಿಸಿ ಒಂದಾದ ಮೇಲೊಂದು ನುಡಿಸೆನ್ನುವನು. ಮನಸ್ಸಿನಲ್ಲಿ ಸುಳ್ಳಿದ್ದರೆ ನಾದವು ಕದಡುವುದೆಂದು ಅವನ ನಂಬಿಕೆ. ಮೂರೂ ವಾದ್ಯಗಳು ಶುದ್ಧವಾಗಿ ನುಡಿದುವು. ಅವಳು ಹೇಳಿದುದು ನಿಜವೆಂದು ತಿಳಿದು ಬಿಡುಗಡೆ ಮಾಡಿದನು.

ಈ ದೃಶ್ಯವನ್ನು ಗೊಂಬೆಯಿಂದ ಆಡಿಸುವ ಕಷ್ಟವನ್ನು ಆಲೋಚಿಸಿರಿ. ನುಡಿಸುವವರು ಪಕ್ಕದಲ್ಲಿ ಕುಳಿತ ಮನುಷ್ಯರು. ನುಡಿಸುವಂತೆ ಕಾಣಬೇಕಾದುದು ನಡುವಿನ ಮರದ ಹೆಣ್ಣು. ವಾದ್ಯವನ್ನು ಹಿಡಿಯುವುದಕ್ಕೆಂದೇ ಮಾಡಿದ ಬೇರೆ ಕೈಗಳನ್ನು ಗೊಂಬೆಗೆ ಜೋಡಿಸುವರು. ಬಲಗೈ ಒಬ್ಬನದು, ಎಡಗೈ ಇನ್ನೊಬ್ಬನದು. ಆದರೂ ಮೀಟುವ ಕೈಗೂ ತಂತಿಯನ್ನು ಒತ್ತುವ ಕೈಗೂ ಎಡೆ ತೋರಬಾರದು. ಬೆರಳು ತಪ್ಪಿದುದಾದರೆ ಆಟ ಮಾತ್ರ ಕೆಡುವುದಿಲ್ಲ, ಕಥೆಯೇ ತಲೆಕೆಳಗಾಗಿ ಅಕೋಯಾ ಸುಳ್ಳುಗಾರ್ತಿಯಾಗುವಳು. ವಾದಕರು ಎಲ್ಲರ ಕಣ್ಣೆದುರಿಗೇ ಇರುವರೆಂಬುದನ್ನು ಮರೆಯಬೇಡಿರಿ. ಮರೆಮಾಚಿದುದು ಯಾವುದೂ ಇಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲಿ ಕಣ್ಣು ಅವರನ್ನು ಬಿಟ್ಟು ಗೊಂಬೆಯ ಬೆರಳನ್ನು ಹಿಡಿಯುವುದು. ಹೀಗಾದರೆ ಅದನ್ನು ಮೋಸವೆನ್ನುವುದು ಹೇಗೆ? ಆಡಿಸುವವನು, ನುಡಿಸುವವನು, ನೋಡುವವನು, ಈ ಮೂವರೂ ಕೂಡಿ ಮಾಡಿದ ಒಂದು ಒಪ್ಪಂದವದು.

ಮುದ್ರಿತ ಧ್ವನಿಯನ್ನು ನಾನು ಸಾರಾಸಗಟಾಗಿ ನಿಂದಿಸುವವನಲ್ಲ. ತೆರೆಗೆ ಅದಿಲ್ಲದೆ ನಡೆಯದು. ದೂರದೇಶಕ್ಕೆ ಎರಡು ಮೂರು ಜನರಷ್ಟೇ ಹೋಗುವಾಗ ಹಿಮ್ಮೇಳವನ್ನು ಕಟ್ಟಿಕೊಂಡು ಹೋಗುವುದೂ ಆಗದು. ಗತಿಸಿದ ಭಾಗವತರ ಕಂಠವನ್ನು ಅದು ಉಳಿಸಿಕೊಟ್ಟಿದೆ. ಆ ಉಪಕಾರ ಸಣ್ಣದಲ್ಲ. ತೆರೆಯಲ್ಲಿ ಹುಟ್ಟಿದ ಆ ಡಾಕ್ಟರ್ ಟೀತನ ಗೋಷ್ಠಿಯೇ 2016ರಲ್ಲಿ ಸಾನ್ ಫ್ರಾನ್ಸಿಸ್ಕೊ ನಗರದ ಸಂಗೀತೋತ್ಸವವೊಂದರಲ್ಲಿ ಜನಸಮೂಹದ ಮುಂದೆ ರಂಗವನ್ನೇರಿತು. ತೆರೆಯಲ್ಲಿ ಎಷ್ಟೇ ಹೆಸರು ಬಂದರೂ ಎದುರಿಗೆ ಕುಳಿತ ಜನರ ಆಸೆಯು ಗೊಂಬೆಗಳನ್ನೂ ಬಿಡಲಿಲ್ಲವೆಂದು ತೋರುವುದು. ನಾನು ಹೇಳುವುದಿಷ್ಟೇ: ನಿಮ್ಮ ಊರಿನಲ್ಲಿ ಗೊಂಬೆಯಾಟವನ್ನು ಮಾಡಿಸುವ ಸುಯೋಗ ಬಂದರೆ, ಖರ್ಚನ್ನು ಇಳಿಸುವ ಕತ್ತರಿಯನ್ನು ಚಪ್ಪರಕ್ಕೋ ದೀಪಕ್ಕೋ ಫಲಕಕ್ಕೋ ಹಾಕಿರಿ, ಹಿಮ್ಮೇಳಕ್ಕೆ ಹಾಕಬೇಡಿರಿ. ಹತ್ತು ಕಡೆ ಕರೆ ಬಾರದ ಮದ್ದಲೆಯವನು ಹನ್ನೊಂದನೆಯ ವರ್ಷ ಮದ್ದಲೆಯನ್ನು ಅಟ್ಟಕ್ಕೆ ಏರಿಸುವನು. ಅವನ ಮಗನು ಅದನ್ನು ಕೆಳಗಿಳಿಸಲಾರನು.

ಮತ್ತೊಂದು ಸೂಚನೆ. ಆಟ ಮುಗಿದ ಮೇಲೆ, ಯಜಮಾನನ ಒಪ್ಪಿಗೆ ಪಡೆದು ಮಕ್ಕಳನ್ನು ಪರದೆಯ ಹಿಂದಕ್ಕೆ ಕರೆದುಕೊಂಡು ಹೋಗಿರಿ. ಗುಟ್ಟು ತಿಳಿದರೆ ಸೊಗಸು ಕೆಡುವುದೆಂಬ ಹೆದರಿಕೆ ಬೇಡ. ದ್ರೌಪದಿಯು ವನಪರ್ವದಲ್ಲಿ ಜನರನ್ನೆಲ್ಲ ಪರರ ಕೈಯಲ್ಲಿರುವ ಮರದ ಗೊಂಬೆಗೆ ಹೋಲಿಸಿ ನೊಂದು ನುಡಿದಳು; ಗೊಂಬೆಯನ್ನು ಹತ್ತಿರದಿಂದ ಕಂಡ ಮಗುವಿಗೆ ತೋರುವುದು ಬೇರೆ. ಬೆವರಿದ ಕೈ, ದಾರದ ಗುರುತು ಬಿದ್ದ ಬೆರಳು, ಇಷ್ಟು ಸಣ್ಣ ಗೊಂಬೆಗೆ ಇಷ್ಟು ಜನರು ದುಡಿದರೇ ಎಂಬ ಬೆರಗು: ಇವನ್ನು ಮೊಬೈಲಿನ ತೆರೆಯು ತೋರಿಸದು.

ಇದನ್ನೆಲ್ಲ ಅಂದು ಸಂಜೆ ಮೊಮ್ಮಗಳಿಗೆ ತಿಳಿಯುವಂತೆ ಹೇಳಿದೆನು. ಅವಳು ಎಲ್ಲವನ್ನೂ ಕೇಳಿ, ತನ್ನ ಬಟ್ಟೆಯ ಗೊಂಬೆಯನ್ನು ತಂದು ನನ್ನ ಕೈಗೆ ಕೊಟ್ಟು, ಅಡುಗೆಮನೆಯಿಂದ ಒಂದು ಡಬ್ಬಿಯನ್ನು ತಂದು ತಾನು ಹಿಡಿದುಕೊಂಡಳು. “ನಾ ಬಾರಿಸ್ತೆ, ನೀ ಕುಣಿಸು” ಎಂದಳು. ನನ್ನ ಬೆರಳಿಗೆ ಮೊದಲಿನ ಚುರುಕಿಲ್ಲ. ಎರಡು ಸಲ ಹೆಜ್ಜೆ ತಪ್ಪಿತು. ಎರಡು ಸಲವೂ ಅವಳು ಡಬ್ಬಿಯ ಮೇಲೆ ಕೈಯನ್ನು ಎತ್ತಿಹಿಡಿದು, ಗೊಂಬೆಯ ಕಾಲು ನೆಲಕ್ಕೆ ಬರುವವರೆಗೆ ಕಾಯ್ದಳು.

ಪಂಚಾಂಗದ ವಿಚಾರವನ್ನು ಮುಂದಿನ ತಿಂಗಳು ತಪ್ಪದೆ ಬರೆಯುವೆನು.